ಹುಷಾರಾದ ಮೇಲೆ ಮಾತ್ರೆ ಯಾಕೆ ಎನ್ನುವವರಿಗೆ

ಹುಲಿಕೆರೆಯಿಂದ ಹೊರಟು ಹಳೇಬೀಡು, ಬೇಲೂರು, ಅತ್ತ ಜಾವಗಲ್ ಹಾದು ಅರಸೀಕೆರೆಯವರೆಗೆ ಯಾವ ಊರಿಗೆ ಬೇಕಾದರೂ ಹೋಗಿ. ಬೈಪೋಲಾರ್ ಕಾಯಿಲೆಯವರಿರುವ ಮನೆಯಲ್ಲಿ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಈಗ ಚೆನ್ನಾಗೇ ಇದಾನಲ್ಲ, ಇನ್ನೂ ಯಾಕೆ ಆ ಮಾತ್ರೆ?" ಹೇಳುವವರು ಕೆಟ್ಟವರಲ್ಲ. ಸೋದರಮಾವ ಹೇಳುತ್ತಾರೆ, ದೊಡ್ಡಮ್ಮ ಹೇಳುತ್ತಾರೆ, ನಾಲ್ಕು ಅಕ್ಷರ ಓದಿಕೊಂಡ ಮೇಷ್ಟ್ರೂ ಹೇಳುತ್ತಾರೆ. ಎಲ್ಲರದೂ ಅಕ್ಕರೆಯ ಮಾತೇ. ಆದರೆ ಈ ಸೀಮೆಯಲ್ಲಿ ಈ ಒಂದು ಮಾತಿನಿಂದ ಮುರಿದ ಮನೆಗಳು, ಕೈಬಿಟ್ಟ ಜಮೀನುಗಳು, ತವರಿಗೆ ವಾಪಸಾದ ಹೆಣ್ಣುಮಕ್ಕಳು ಕಡಿಮೆಯಲ್ಲ. ಮಾಟ, ಗಾಳಿ, ಗ್ರಹಚಾರ ಎನ್ನುವ ನಂಬಿಕೆಗಳನ್ನು ಎಲ್ಲರೂ ಖಂಡಿಸುತ್ತಾರೆ. ಅವುಗಳನ್ನು ದಾಟಿ ಆಸ್ಪತ್ರೆಗೆ ಹೋಗಿ, ಕಾಯಿಲೆಯೆಂದು ಒಪ್ಪಿ, ಮಾತ್ರೆ ನುಂಗಿ ಗುಣ ಕಂಡವರನ್ನು ಮತ್ತೆ ಹಳ್ಳಕ್ಕೆ ತಳ್ಳುವ ಈ ಸಭ್ಯ ಮಾತನ್ನು ಖಂಡಿಸುವವರು ಕಾಣುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೈಪೋಲಾರ್ ಕಾಯಿಲೆಯನ್ನು ನಮ್ಮ ಜನ ಎರಡು ಹೊತ್ತಿನಲ್ಲಿ ಮಾತ್ರ ಗುರುತಿಸುತ್ತಾರೆ. ಕೂಗಾಡುವಾಗ, ಇಲ್ಲವೇ ಮೂಲೆ ಹಿಡಿದು ಮಲಗಿದಾಗ. ಒಂದು ಉನ್ಮಾದ, ಇನ್ನೊಂದು ಖಿನ್ನತೆ. ಇವೆರಡರ ನಡುವೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ, ಏನೂ ಇಲ್ಲದ ದಿನಗಳು ಇರುತ್ತವೆ. ಆಗ ಆ ವ್ಯಕ್ತಿ ಹೊಲ ಉಳುತ್ತಾನೆ, ಲೆಕ್ಕ ಬರೆಯುತ್ತಾನೆ, ಮಕ್ಕಳ ಫೀಸು ಕಟ್ಟುತ್ತಾನೆ, ನಮ್ಮ ನಿಮ್ಮ ಹಾಗೆಯೇ ಇರುತ್ತಾನೆ. ಬೇರೆ ಹಲವು ಮನೋರೋಗಗಳಲ್ಲಿ ಇಷ್ಟು ಪೂರ್ತಿ ಬಿಡುವು ಸಿಗುವುದಿಲ್ಲ. ಈ ಬಿಡುವನ್ನೇ ನಾವು ಗುಣವಾಗಿದ್ದು ಎಂದು ಲೆಕ್ಕ ಹಾಕುತ್ತೇವೆ. ಕಾಯಿಲೆ ಹೋಗಿರುವುದಿಲ್ಲ, ತಡೆದು ನಿಂತಿರುತ್ತದೆ. ತಡೆದದ್ದು ಮಾತ್ರೆ ಎಂಬುದು ಮಾತ್ರೆ ಬಿಡಿಸುವವರ ಲೆಕ್ಕಕ್ಕೆ ಬರುವುದೇ ಇಲ್ಲ.

ಬಿಟ್ಟ ಮೇಲೆ ಆಗುವುದನ್ನು ಹತ್ತಿರದಿಂದ ನೋಡಬೇಕು. ಮೊದಲು ಹೋಗುವುದು ನಿದ್ದೆ. ರಾತ್ರಿ ಹನ್ನೊಂದಕ್ಕೆ ಮಲಗಿದವನು ಎರಡಕ್ಕೇ ಎದ್ದುಬಿಡುತ್ತಾನೆ. ನಿದ್ದೆಗೆಟ್ಟವನ ಆಯಾಸ ಮುಖದಲ್ಲಿ ಇರುವುದಿಲ್ಲ, ಅದೇ ಗುರುತು. ಕೊಟ್ಟಿಗೆ ಗುಡಿಸಿ, ದನಕ್ಕೆ ಹುಲ್ಲು ಹಾಕಿ, ಕರೆಂಟು ಬಂದ ಕೂಡಲೇ ಮೋಟರ್ ಹಾಕಿ ತೆಂಗಿನ ಸಸಿಗಳಿಗೆಲ್ಲ ನೀರು ಬಿಟ್ಟು, ಕೋಳಿ ಕೂಗುವ ಹೊತ್ತಿಗೆ ಬೆಂಗಳೂರಿನ ಬೀಗರಿಗೆ ಫೋನ್ ಮಾಡುತ್ತಾನೆ. ಮಾತು ನಿಲ್ಲುವುದಿಲ್ಲ, ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ. ಪಕ್ಕದ ನಾಲ್ಕು ಎಕರೆ ಗುತ್ತಿಗೆಗೆ ಹಿಡಿದು ಶುಂಠಿ ಹಾಕುವ ಯೋಜನೆ ಹೇಳುತ್ತಾನೆ, ಮರುದಿನವೇ ಕೈಸಾಲ ತಂದು ಅಡ್ವಾನ್ಸ್ ಕೊಟ್ಟುಬಿಡುತ್ತಾನೆ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಐವತ್ತು ಸಾವಿರ ಬರೆಸುತ್ತಾನೆ. ದಾರಿಯಲ್ಲಿ ಸಿಕ್ಕವರಿಗೆಲ್ಲ ಹೋಟೆಲಿನಲ್ಲಿ ತಿಂಡಿ ಕೊಡಿಸುತ್ತಾನೆ.

ಊರಿಗೆ ಇದು ಕಾಯಿಲೆಯಾಗಿ ಕಾಣುವುದಿಲ್ಲ. "ನೋಡಪ್ಪ, ಮಾತ್ರೆ ಬಿಟ್ಟ ಮೇಲೆ ಹೆಂಗೆ ಚುರುಕಾದ" ಎನ್ನುತ್ತಾರೆ. ಮಾತ್ರೆ ಬಿಡಿಸಿದ ಮಾವ ತನ್ನ ಸಲಹೆ ಫಲಿಸಿತೆಂದು ಹಿಗ್ಗುತ್ತಾರೆ. ಆ ಒಂದು ವಾರ, ಹತ್ತು ದಿನ ಇದೆಯಲ್ಲ, ಚಿಕಿತ್ಸೆಗೆ ಅದಕ್ಕಿಂತ ಬೆಲೆಬಾಳುವ ಕಾಲ ಇಲ್ಲ. ನಿದ್ದೆ ಕುಗ್ಗಿದ ಮೂರನೆಯ ದಿನ ಡಾಕ್ಟರಿಗೆ ಒಂದು ಫೋನ್ ಹೋದರೆ, ಮಾತ್ರೆಯ ಪ್ರಮಾಣ ಸ್ವಲ್ಪ ಹೊಂದಿಸಿದರೆ, ಎಷ್ಟೋ ಸಲ ಮನೆಯಲ್ಲೇ ಮುಗಿಯುವ ವಿಷಯ. ಉತ್ಸಾಹ ಕೋಪವಾಗಿ ತಿರುಗಿ, ಹೆಂಡತಿಯ ಮೇಲೆ ಕೈ ಎತ್ತಿ, ಸಂತೆಯಲ್ಲಿ ಜಗಳವಾದ ಮೇಲಷ್ಟೇ ನಮಗೆ ಅದು ಕಾಯಿಲೆ. ಆಗ ನಾಲ್ಕು ಜನ ಹಿಡಿದು, ಹಗ್ಗದಲ್ಲಿ ಕಟ್ಟಿ, ಹಾಸನಕ್ಕೆ ಗಾಡಿ ಮಾಡುತ್ತಾರೆ. ಹಗ್ಗ ಬಿಚ್ಚುವಷ್ಟರಲ್ಲಿ ಸಾಲ ಬೆಳೆದಿರುತ್ತದೆ, ಮಾನ ಹೋಗಿರುತ್ತದೆ. ಉನ್ಮಾದ ಇಳಿದು ಖಿನ್ನತೆ ಬಂದಾಗ ಆ ಸಾಲದ ಪತ್ರಗಳನ್ನು ಅವನೇ ಕೂತು ನೋಡಬೇಕು. ಆಗ ಅವನನ್ನು ಸೋಮಾರಿ ಎನ್ನುವವರೂ ಇವರೇ.

ಡಾಕ್ಟರುಗಳು ಈ ಕಾಯಿಲೆಯನ್ನು ಸಕ್ಕರೆ ಕಾಯಿಲೆಗೆ ಹೋಲಿಸುತ್ತಾರೆ. ಶುಗರ್ ಮಾತ್ರೆ ದಿನಾ ತಗೊಳಲ್ವಾ, ಇದೂ ಹಾಗೇ ಎನ್ನುತ್ತಾರೆ. ಒಳ್ಳೆಯ ಉದ್ದೇಶದ ಹೋಲಿಕೆ, ಆದರೆ ಸಾಲದು. ಸಕ್ಕರೆ ಏರಿದವನಿಗೆ ತನಗೆ ಸಕ್ಕರೆ ಏರಿದೆ ಎಂದು ಒಪ್ಪಿಕೊಳ್ಳುವ ಬುದ್ಧಿ ಕೈಕೊಡುವುದಿಲ್ಲ. ಉನ್ಮಾದ ಏರಿದವನಿಗೆ ಮೊದಲು ಕೈಕೊಡುವುದೇ ಆ ಬುದ್ಧಿ. ತನ್ನಷ್ಟು ಆರೋಗ್ಯವಂತ ಇನ್ನೊಬ್ಬನಿಲ್ಲ ಎಂದು ಅವನಿಗೆ ಅನ್ನಿಸುವುದೇ ಕಾಯಿಲೆಯ ಲಕ್ಷಣ. ಆದ್ದರಿಂದ ಏರಿದ ಮೇಲೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಬೈಪೋಲಾರ್ ಕಾಯಿಲೆಯನ್ನು ನಿಭಾಯಿಸುವ ಕೆಲಸವೆಲ್ಲ ನಡೆಯಬೇಕಾದದ್ದು ಅವನು ಚೆನ್ನಾಗಿರುವಾಗ, ಅವನ ಜೊತೆಯಲ್ಲೇ ಕೂತು. ನಿದ್ದೆ ಕೆಟ್ಟರೆ ಯಾರು ಗಮನಿಸಬೇಕು, ಯಾರಿಗೆ ಫೋನ್ ಮಾಡಬೇಕು, ಎಟಿಎಂ ಕಾರ್ಡು ಮತ್ತು ಪಹಣಿ ಪತ್ರ ಯಾರ ಕೈಯಲ್ಲಿರಬೇಕು, ಇವನ್ನೆಲ್ಲ ಅವನ ಒಪ್ಪಿಗೆಯಿಂದಲೇ ಮಾತಾಡಿಟ್ಟುಕೊಳ್ಳುವ ಕಾಲ ಅದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದಕ್ಕೆ ಕಾನೂನಿನ ರೂಪವನ್ನೂ ಕೊಟ್ಟಿದೆ: ಮುಂದೆ ಕಾಯಿಲೆ ಏರಿದರೆ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ, ತನ್ನ ಪರವಾಗಿ ಯಾರು ತೀರ್ಮಾನಿಸಬೇಕು ಎಂದು ಚೆನ್ನಾಗಿರುವಾಗಲೇ ಬರೆದಿಡಬಹುದು. ಸರಪಳಿಯಲ್ಲಿ ಕಟ್ಟುವುದನ್ನು ಅದೇ ಕಾಯ್ದೆ ನಿಷೇಧಿಸಿದೆ. ಚೆನ್ನಾಗಿರುವ ದಿನಗಳನ್ನು ಕಾನೂನು ಚಿಕಿತ್ಸೆಯ ದಿನಗಳೆಂದು ನೋಡುತ್ತದೆ. ನಾವು ಮಾತ್ರ ಮಾತ್ರೆ ಎಸೆಯುವ ದಿನಗಳೆಂದು ನೋಡುತ್ತಿದ್ದೇವೆ.

ಚೆನ್ನಾಗಿರುವಾಗ ಮಾತ್ರೆ ಕೆಲಸ ಮಾಡುತ್ತದೆಯೇ ಎಂಬ ಅನುಮಾನ ನಮ್ಮ ಜಗಲಿಯಲ್ಲಿ ಮಾತ್ರ ಹುಟ್ಟಿದ್ದಲ್ಲ. ಇದಕ್ಕೆ ಒಂದು ಚರಿತ್ರೆಯಿದೆ. ಅದನ್ನು ತಿಳಿಯದೆ ವಾದ ಮಾಡಬಾರದು. ಈ ಕಾಯಿಲೆಗೆ ಕೊಡುವ ಮಾತ್ರೆಗಳಲ್ಲಿ ಮುಖ್ಯವಾದದ್ದು ಲಿಥಿಯಂ. ಅದೊಂದು ಧಾತು, ಮಾತ್ರೆಯಲ್ಲಿ ಇರುವುದು ಅದರ ಉಪ್ಪು. ಉನ್ಮಾದಕ್ಕೆ ಅದು ಕೆಲಸ ಮಾಡುತ್ತದೆಂದು 1949ರಲ್ಲಿ ವರದಿ ಮಾಡಿದವರು ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್. ಡೆನ್ಮಾರ್ಕಿನ ಮೊಗೆನ್ಸ್ ಶೌ 1950ರ ದಶಕದಲ್ಲಿ ಅದನ್ನು ಕ್ರಮಬದ್ಧವಾಗಿ ಪರೀಕ್ಷಿಸಿದರು. ಶೌ ಅವರ ಸ್ವಂತ ತಮ್ಮನಿಗೇ ಮತ್ತೆ ಮತ್ತೆ ಖಿನ್ನತೆ ಬರುತ್ತಿತ್ತು, ಲಿಥಿಯಂನಿಂದ ಅದು ನಿಂತಿತು. ಹುಷಾರಾದ ಮೇಲೂ ಮಾತ್ರೆ ಮುಂದುವರಿಸಿದರೆ ಕಾಯಿಲೆ ಮರಳುವುದಿಲ್ಲ ಎಂದು ಡ್ಯಾನಿಶ್ ವೈದ್ಯರು ಹೇಳಿದಾಗ 1968ರಲ್ಲಿ ಲಂಡನ್ನಿನ ಇಬ್ಬರು ಹೆಸರಾಂತ ಮನೋವೈದ್ಯರು, ಬ್ಲ್ಯಾಕ್‌ವೆಲ್ ಮತ್ತು ಶೆಫರ್ಡ್, ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಇನ್ನೊಂದು ಕಟ್ಟುಕಥೆ ಇರಬಹುದೆಂದು ಬರೆದರು. ಅವರು ಕೇಳಿದ್ದೂ ಇದನ್ನೇ: ಚೆನ್ನಾಗಿರುವುದು ಮಾತ್ರೆಯಿಂದಲೋ, ತಾನಾಗಿಯೋ?

ಉತ್ತರ 1970ರಲ್ಲಿ ಅದೇ ಲ್ಯಾನ್ಸೆಟ್‌ನಲ್ಲಿ ಬಂತು. ಲಿಥಿಯಂ ತೆಗೆದುಕೊಳ್ಳುತ್ತ ಚೆನ್ನಾಗಿದ್ದ 84 ಜನರನ್ನು ಬಾಸ್ಟ್ರಪ್, ಶೌ ಮತ್ತು ಸಂಗಡಿಗರು ಆರಿಸಿಕೊಂಡರು. ಉನ್ಮಾದ-ಖಿನ್ನತೆಯವರೂ ಇದ್ದರು, ಮರುಕಳಿಸುವ ಖಿನ್ನತೆಯವರೂ ಇದ್ದರು. 45 ಜನಕ್ಕೆ ಲಿಥಿಯಂ ಮುಂದುವರಿಯಿತು. 39 ಜನಕ್ಕೆ ನೋಡಲು ಅದೇ ಥರದ, ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ನೋಡುವ ವೈದ್ಯರಿಗೂ ಗೊತ್ತಿಲ್ಲ. ಐದು ತಿಂಗಳಲ್ಲಿ ಔಷಧವಿಲ್ಲದ ಮಾತ್ರೆ ನುಂಗಿದ 39ರಲ್ಲಿ 21 ಜನಕ್ಕೆ ಕಾಯಿಲೆ ಮರಳಿತು. ಲಿಥಿಯಂ ನುಂಗಿದ 45ರಲ್ಲಿ ಒಬ್ಬರಿಗೂ ಮರಳಲಿಲ್ಲ. "ಚೆನ್ನಾಗೇ ಇದಾನಲ್ಲ" ಎಂಬ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ. ಆ 84 ಜನರೂ ಚೆನ್ನಾಗೇ ಇದ್ದವರು. ಇಂದು ಆ ರೀತಿಯ ಪ್ರಯೋಗ ಮಾಡಲು ನೈತಿಕ ಸಮಿತಿಗಳು ಸುಲಭಕ್ಕೆ ಒಪ್ಪುವುದಿಲ್ಲ. ನಮ್ಮ ಬಂಧುಗಳು ಯಾರ ಒಪ್ಪಿಗೆಯನ್ನೂ ಕೇಳದೆ ಮನೆಮನೆಯಲ್ಲಿ ಅದನ್ನು ಮಾಡುತ್ತಿದ್ದಾರೆ. ಅದೂ ದಿಢೀರನೆ ನಿಲ್ಲಿಸಿ. ನಿಧಾನವಾಗಿ ಇಳಿಸುವುದಕ್ಕಿಂತ ಏಕಾಏಕಿ ನಿಲ್ಲಿಸುವುದೇ ಹೆಚ್ಚು ಅಪಾಯ ಎಂದು ಆಮೇಲಿನ ಅಧ್ಯಯನಗಳು ತೋರಿಸಿವೆ. ಆತ್ಮಹತ್ಯೆಯನ್ನು ತಗ್ಗಿಸುವ ಗುಣ ಲಿಥಿಯಂಗೆ ಇದೆ ಎಂಬುದಕ್ಕೂ ಗಟ್ಟಿ ಆಧಾರಗಳಿವೆ. ಮಾತ್ರೆ ಬಿಡಿಸುವವರು ಏನನ್ನು ಪಣಕ್ಕಿಡುತ್ತಿದ್ದಾರೆ ಎಂಬುದನ್ನು ಇದರಿಂದ ಅಳೆಯಬಹುದು.

"ಕಿಡ್ನಿ ಹೋಗುತ್ತೆ" ಎನ್ನುವವರಿಗೂ ಉತ್ತರ ಕೊಡಬೇಕು. ಇದು ಪೂರ್ತಿ ಸುಳ್ಳಲ್ಲ. ಲಿಥಿಯಂ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಕೆಲವರಿಗೆ ಮೂತ್ರಪಿಂಡದ, ಕೆಲವರಿಗೆ ಥೈರಾಯ್ಡಿನ ತೊಂದರೆ ಬರುತ್ತದೆ. ಬಾಯಾರಿಕೆ, ಕೈನಡುಕ, ತೂಕ ಏರುವುದು ಇವೆ. ಅದಕ್ಕಾಗಿಯೇ ರಕ್ತದಲ್ಲಿ ಲಿಥಿಯಂ ಎಷ್ಟಿದೆಯೆಂದು ಪರೀಕ್ಷೆ ಮಾಡುತ್ತಾರೆ. ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇರಬೇಕು. ರಾತ್ರಿ ಮಾತ್ರೆ ನುಂಗಿ ಸುಮಾರು 12 ಗಂಟೆ ಕಳೆದ ಮೇಲೆ, ಬೆಳಗಿನ ಮಾತ್ರೆಗೆ ಮೊದಲು ರಕ್ತ ಕೊಡಬೇಕು. ಆರು ತಿಂಗಳಿಗೊಮ್ಮೆ ಕ್ರಿಯೇಟಿನಿನ್, ಥೈರಾಯ್ಡ್ ನೋಡಿಸಬೇಕು. ಕಿಡ್ನಿಯ ಭಯವಿದ್ದವರು ಮಾಡಬೇಕಾದದ್ದು ಈ ಪರೀಕ್ಷೆ. ಪರೀಕ್ಷೆಗೆ ಹಾಸನಕ್ಕೆ ಕರೆದೊಯ್ಯಲು ಒಂದು ದಿನ ಬಿಡುವು ಮಾಡದವರು ಕಿಡ್ನಿಯ ಹೆಸರಿನಲ್ಲಿ ಮಾತ್ರೆ ಬಿಡಿಸುವುದನ್ನು ನಾನು ಕಾಳಜಿ ಎಂದು ಒಪ್ಪಲಾರೆ.

ಇಲ್ಲಿ ಇನ್ನೊಂದು ವಿಷಯವನ್ನು ಗಟ್ಟಿಯಾಗಿ ಹೇಳಬೇಕು. ಆಲೂಗಡ್ಡೆ ಕಿತ್ತು, ತೆಂಗಿನಕಾಯಿ ಹೊತ್ತು ಸೊಂಟ ಹಿಡಿದವರು ನಮ್ಮಲ್ಲಿ ಚೀಟಿಯಿಲ್ಲದೆ ನೋವಿನ ಮಾತ್ರೆ ತರುತ್ತಾರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದವು. ಲಿಥಿಯಂ ತೆಗೆದುಕೊಳ್ಳುವವರಿಗೆ ಇವು ಅಪಾಯ. ದೇಹದಿಂದ ಲಿಥಿಯಂ ಹೊರಹೋಗುವುದನ್ನು ಇವು ತಗ್ಗಿಸಿ ರಕ್ತದಲ್ಲಿ ಅದರ ಮಟ್ಟವನ್ನು ಏರಿಸುತ್ತವೆ. ಬಿಪಿಗೆ ಕೊಡುವ ಕೆಲವು ನೀರಿನ ಮಾತ್ರೆಗಳೂ ಹಾಗೆಯೇ. ಬಿಸಿಲಲ್ಲಿ ಬೆವರಿ ನೀರು ಕುಡಿಯದಿದ್ದರೆ, ವಾಂತಿ ಭೇದಿಯಾದರೆ, ಇದ್ದಕ್ಕಿದ್ದಂತೆ ಉಪ್ಪು ಬಿಟ್ಟರೆ, ನೀರೂ ಇಲ್ಲದ ಉಪವಾಸ ಮಾಡಿದರೆ ಲಿಥಿಯಂ ವಿಷದ ಮಟ್ಟಕ್ಕೆ ಹೋಗಬಹುದು. ಕೈಕಾಲು ಜೋರಾಗಿ ನಡುಗುವುದು, ತೂರಾಡುವುದು, ತೊದಲುವುದು, ವಾಂತಿ ಭೇದಿ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಲಿಥಿಯಂ ಕೆಟ್ಟದ್ದು ಎಂದು ಊರೆಲ್ಲ ಹೇಳುತ್ತದೆ. ಲಿಥಿಯಂ ಜೊತೆಗೆ ನೋವಿನ ಮಾತ್ರೆ ಬೇಡ ಎಂದು ಹೇಳುವವರು ಒಬ್ಬರಿಲ್ಲ. ಇದನ್ನು ಹೇಳಿದ್ದರೆ ಎಷ್ಟೋ ಕಿಡ್ನಿಗಳು ಉಳಿಯುತ್ತಿದ್ದವು.

ಮಾತ್ರೆ ಬಿಡಿಸುವ ಅತಿ ದೊಡ್ಡ ನೆಪ ಮದುವೆ. "ಒಂದು ಗಂಟು ಹಾಕಿಬಿಟ್ರೆ ಸರಿಹೋಗ್ತಾನೆ" ಎನ್ನುವುದು ಗಂಡಿನ ಕಡೆಯ ಮಾತು. ಹೆಣ್ಣಿನ ಕಡೆಯವರು ಇನ್ನೂ ಕಷ್ಟದಲ್ಲಿರುತ್ತಾರೆ. ಹುಡುಗಿ ಮಾತ್ರೆ ನುಂಗುವುದು ಬೀಗರಿಗೆ ಗೊತ್ತಾಗಬಾರದೆಂದು ನಿಶ್ಚಿತಾರ್ಥದ ದಿನದಿಂದಲೇ ಬಿಡಿಸುತ್ತಾರೆ. ಚಪ್ಪರ, ಶಾಸ್ತ್ರ, ನೆಂಟರ ಗಲಾಟೆಯಲ್ಲಿ ನಾಲ್ಕು ರಾತ್ರಿ ನಿದ್ದೆಯಿಲ್ಲ. ಈ ಕಾಯಿಲೆಯನ್ನು ಕೆಣಕಲು ನಿದ್ದೆಗೇಡು ಒಂದೇ ಸಾಕು, ಜೊತೆಗೆ ಮಾತ್ರೆಯೂ ಇಲ್ಲ. ಹೊಸ ಮನೆಯಲ್ಲಿ ತಿಂಗಳು ಕಳೆಯುವ ಮೊದಲೇ ಅವಳಿಗೆ ಉನ್ಮಾದ ಏರುತ್ತದೆ, "ಹುಚ್ಚಿಯನ್ನು ಕಟ್ಟಿದರು" ಎಂಬ ಮಾತು ಬರುತ್ತದೆ. ಹೇಳಿ ಮದುವೆ ಮಾಡಿದ್ದರೆ ಉಳಿಯಬಹುದಾಗಿದ್ದ ಸಂಸಾರ ಮುಚ್ಚಿಟ್ಟಿದ್ದಕ್ಕೆ ಮುರಿಯುತ್ತದೆ. 1955ರ ಹಿಂದೂ ವಿವಾಹ ಕಾಯ್ದೆ ಮನೋರೋಗವಿದೆ ಎಂಬ ಒಂದೇ ಕಾರಣಕ್ಕೆ ಮದುವೆಯನ್ನು ತಡೆಯುವುದಿಲ್ಲ. ಬುದ್ಧಿ ಸ್ಥಿಮಿತವಿಲ್ಲದೆ ಒಪ್ಪಿಗೆ ಕೊಡಲಾಗದ ಸ್ಥಿತಿ, ಮದುವೆಗೆ, ಸಂತಾನಕ್ಕೆ ಯೋಗ್ಯರಲ್ಲ ಎನ್ನುವ ಮಟ್ಟಿನ ಕಾಯಿಲೆ, ಮತ್ತೆ ಮತ್ತೆ ಬರುವ ಬುದ್ಧಿವಿಕಲತೆ, ಇವನ್ನು ಅದು ಅಡ್ಡಿಯೆಂದು ನೋಡುತ್ತದೆ. ಮಾತ್ರೆಯಲ್ಲಿ ಸ್ಥಿರವಾಗಿದ್ದು, ಕೆಲಸ ಮಾಡಿಕೊಂಡು, ಮಕ್ಕಳನ್ನು ಸಾಕುತ್ತಿರುವ ಗಂಡಸರು ಹೆಂಗಸರು ನಮ್ಮ ನಡುವೆಯೇ ಇದ್ದಾರೆ. ಹೇಳಿಕೊಳ್ಳುವುದಿಲ್ಲ, ಅಷ್ಟೇ.

ಹೆಣ್ಣುಮಕ್ಕಳಿಗೆ ಬಸಿರು ಬಾಣಂತನದ ವಿಷಯವೇ ಬೇರೆ. ವಾಲ್‌ಪ್ರೊಯೇಟ್ ಎಂಬ ಮಾತ್ರೆ ಬೈಪೋಲಾರ್‌ಗೆ ಬಹಳ ಬಳಕೆಯಲ್ಲಿದೆ. ಬಸಿರಿಯರು ಅದನ್ನು ತೆಗೆದುಕೊಂಡರೆ ಮಗುವಿನ ಬೆನ್ನುಹುರಿಗೆ, ಬುದ್ಧಿಯ ಬೆಳವಣಿಗೆಗೆ ಪೆಟ್ಟು ಬೀಳುವ ಅಪಾಯ ಹೆಚ್ಚು. ಮಗು ಬೇಕೆನ್ನುವ ಮೊದಲೇ ಡಾಕ್ಟರಿಗೆ ಹೇಳಿ ಬೇರೆ ಔಷಧಕ್ಕೆ ಬದಲಾಯಿಸಿಕೊಳ್ಳಬೇಕು. ಅದರ ಅರ್ಥ, ಬಸಿರೆಂದು ಗೊತ್ತಾದ ದಿನ ಎಲ್ಲ ಮಾತ್ರೆಯನ್ನೂ ಎಸೆಯಿರಿ ಎಂದಲ್ಲ. ಹೆರಿಗೆಯ ನಂತರದ ಮೊದಲ ವಾರಗಳು ಈ ಕಾಯಿಲೆಯವರಿಗೆ ಅತ್ಯಂತ ಅಪಾಯದ ಕಾಲ. ನಮ್ಮ ಅಜ್ಜಿಯರು ಬಾಣಂತಿ ಸನ್ನಿ ಎಂದು ಕರೆದದ್ದರಲ್ಲಿ ಎಷ್ಟೋ ಪಾಲು ಇದೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ಇಟ್ಟುಕೊಂಡು ನೋಡುವ ಘಟಕವಿದೆ. ಹಸುಗೂಸನ್ನು ತಾಯಿಯಿಂದ ಕಿತ್ತುಕೊಂಡು ಅವಳನ್ನು ಕೋಣೆಯಲ್ಲಿ ಕೂಡಿಹಾಕುವ ಬದಲು ಅಲ್ಲಿಗೆ ಹೋಗುವುದು ಒಳ್ಳೆಯದು.

ದೇವರಿಗೆ ಹರಕೆ ಹೊರುವವರ ಜೊತೆ ನನಗೆ ಜಗಳವಿಲ್ಲ. ಹರಕೆಯೂ ಇರಲಿ, ಮಾತ್ರೆಯೂ ಇರಲಿ. ಜಾಗರಣೆಯೊಂದನ್ನು ಮಾತ್ರ ಈ ಕಾಯಿಲೆಯವರಿಂದ ಮಾಡಿಸಬೇಡಿ.

ಎದುರು ಪಕ್ಷದ ಮಾತಿನಲ್ಲಿ ನಿಜವಿರುವಷ್ಟನ್ನು ಒಪ್ಪುತ್ತೇನೆ. ಒಂದೇ ಒಂದು ಸಲ ಕಾಯಿಲೆ ಬಂದು ಹೋದವರೆಲ್ಲರೂ ಸಾಯುವವರೆಗೆ ಮಾತ್ರೆ ನುಂಗಬೇಕೆಂಬ ನಿಯಮವಿಲ್ಲ. ಎಷ್ಟು ಕಾಲ ಬೇಕು ಎಂಬುದು ಎಷ್ಟು ಸಲ ಬಂದಿದೆ, ಎಷ್ಟು ಜೋರಾಗಿ ಬಂದಿದೆ, ಮನೆತನದಲ್ಲಿ ಇದೆಯೇ ಎಂಬುದನ್ನು ನೋಡಿ ಡಾಕ್ಟರು ಹೇಳಬೇಕಾದ ಮಾತು. ಮಾತ್ರೆಯಿಂದ ಮಂಕಾಗಿದ್ದಾನೆ, ಬೆಳಿಗ್ಗೆ ಏಳಲಾಗುತ್ತಿಲ್ಲ ಎಂಬ ದೂರು ಬಹಳ ಸಲ ನಿಜ. ಅದನ್ನು ಡಾಕ್ಟರ ಮುಂದೆ ಹೇಳಿ, ಪ್ರಮಾಣ ಇಳಿಸಿ ಎಂದು ಹಠ ಹಿಡಿಯುವುದು ರೋಗಿಯ ಹಕ್ಕು. ಎರಡು ನಿಮಿಷದಲ್ಲಿ ಚೀಟಿ ಬರೆದು ಕಳಿಸುವ, ಕಾಯಿಲೆಯ ಹೆಸರನ್ನೂ ಹೇಳದ ವೈದ್ಯರೂ ಈ ಅಪನಂಬಿಕೆಗೆ ಕಾರಣ. ಇನ್ನೊಂದು ತಪ್ಪು ಚಿಕಿತ್ಸೆಯ ಕಡೆಯಿಂದಲೇ ಆಗುತ್ತದೆ. ಈ ಕಾಯಿಲೆ ಎಷ್ಟೋ ಜನಕ್ಕೆ ಮೊದಲು ಖಿನ್ನತೆಯಾಗಿಯೇ ಬರುತ್ತದೆ. ಸುಸ್ತು, ಮಂಕು ಎಂದು ಹೋದವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಕೆಲವರಲ್ಲಿ ಅದು ಉನ್ಮಾದವನ್ನು ಎಬ್ಬಿಸಬಹುದು. ಆದ್ದರಿಂದ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ: ಹಿಂದೆ ಯಾವಾಗಲಾದರೂ ನಾಲ್ಕೈದು ದಿನ ನಿದ್ದೆಯಿಲ್ಲದೆ ವಿಪರೀತ ಹುರುಪಿನಲ್ಲಿದ್ದದ್ದುಂಟೇ, ಕೈಮೀರಿ ಖರ್ಚು ಮಾಡಿದ್ದುಂಟೇ ಎಂದು.

ಮಾತ್ರೆ ಬಿಡುವವರೆಲ್ಲ ನೆಂಟರ ಮಾತು ಕೇಳಿ ಬಿಡುವುದಿಲ್ಲ. ಬಸ್ಸಿನ ದುಡ್ಡಿಲ್ಲದೆ, ಕೂಲಿ ಕಳೆದುಕೊಳ್ಳಲಾಗದೆ, ಆಸ್ಪತ್ರೆಯಲ್ಲಿ ಸ್ಟಾಕ್ ಇಲ್ಲವೆಂದು ಬಿಡುವವರೂ ಇದ್ದಾರೆ. ನಿಮ್ಹಾನ್ಸ್ ಮುಂದಾಳತ್ವದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳಲ್ಲಿ ನಡೆಯಿತು, ಕರ್ನಾಟಕ ಅದರಲ್ಲಿ ಇರಲಿಲ್ಲ. ಬೈಪೋಲಾರ್ ಇರುವ ನೂರರಲ್ಲಿ ಸುಮಾರು 70 ಜನಕ್ಕೆ ಚಿಕಿತ್ಸೆಯೇ ಸಿಗುತ್ತಿಲ್ಲ ಎಂದು ಅದು ಕಂಡುಕೊಂಡಿತು. ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆಯ ಮಾದರಿ ದೇಶಕ್ಕೆ ಸಿಕ್ಕಿದ್ದು ನಮ್ಮ ಬಳ್ಳಾರಿಯಿಂದ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅಂಥವರು ದಶಕಗಳ ಕಾಲ ಕನ್ನಡದಲ್ಲೇ ಈ ಕಾಯಿಲೆಗಳ ಬಗ್ಗೆ ಬರೆದಿದ್ದಾರೆ. ಇಷ್ಟಿದ್ದೂ ಹಳ್ಳಿಯ ರೋಗಿ ತಿಂಗಳ ಮಾತ್ರೆಗೆ ಪರದಾಡುವುದು ಸರಿಯಲ್ಲ. ಅಗತ್ಯ ಔಷಧ ಪಟ್ಟಿಯಲ್ಲಿರುವ ಮನೋರೋಗದ ಔಷಧಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಸದಾಕಾಲ ಉಚಿತವಾಗಿ ಸಿಗಬೇಕೆಂದು 2017ರ ಕಾಯ್ದೆ ಹೇಳುತ್ತದೆ. ಲಿಥಿಯಂ ರಾಷ್ಟ್ರೀಯ ಅಗತ್ಯ ಔಷಧ ಪಟ್ಟಿಯಲ್ಲಿದೆ. ಸ್ಟಾಕ್ ಇಲ್ಲ ಎಂದರೆ ಬರವಣಿಗೆಯಲ್ಲಿ ಕೇಳಿ. ಶಾಸಕರ ಮುಂದೆ ರಸ್ತೆ ಚರಂಡಿ ಕೇಳುವಾಗ ಇದನ್ನೂ ಕೇಳಿ. ಲಿಥಿಯಂ ಮಟ್ಟದ ಪರೀಕ್ಷೆ ಬೇಲೂರಿನಲ್ಲಿ, ಅರಸೀಕೆರೆಯಲ್ಲೇ ಆಗಬೇಕೆಂದು ಕೇಳಿ.

ಮನೆಯವರಿಗೆ, ನೆಂಟರಿಗೆ, ಮೆಡಿಕಲ್ ಸ್ಟೋರಿನವರಿಗೆ, ಆಶಾ ಕಾರ್ಯಕರ್ತೆಯರಿಗೆ ನನ್ನ ಕೋರಿಕೆ ಇಷ್ಟು. ಮಾತ್ರೆ ನಿಲ್ಲಿಸು ಎಂದು ಹೇಳುವ ಅಧಿಕಾರ ನಿಮಗಿಲ್ಲ. ಮಾತ್ರೆ ಮುಗಿಯಲು ಎಷ್ಟು ದಿನ ಉಳಿದಿದೆ, ರಾತ್ರಿ ಎಷ್ಟು ಗಂಟೆ ಮಲಗಿದೆ, ಕೊನೆಯ ಸಲ ರಕ್ತ ಪರೀಕ್ಷೆ ಯಾವಾಗ ಆಯಿತು, ಈ ಮೂರನ್ನು ಕೇಳಿ. ಅನುಮಾನ ಬಂದರೆ, ಡಾಕ್ಟರು ದೂರವಿದ್ದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಮಾಡಬಹುದು. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.